ಟೊಂಕದ ಗುಂಡು ಎಷ್ಟು ದಪ್ಪ ಇರಬೇಕು?

ಶಹಾಬಾದ್ ಪರ್ಸಿ ಮೇಲೆ ಚಕ್ಕಳಮಕ್ಕಳ ಕೂತು ರೊಟ್ಟಿ ಮುರಿಯುವ ಕಲಬುರಗಿ ಮಂದಿ ಟೊಂಕದ ಕೀಲು ಬದಲಿಸುವಾಗ ಕೇಳುವುದು ಎರಡೇ: "ಮುಂದ ನೆಲದ ಮ್ಯಾಲ ಕುಂದ್ರಬಹುದೇನ್ರಿ?", "ಎಲ್ಲಕ್ಕಿಂತ ತುಟ್ಟಿದು ಯಾವುದದರಿ?" ಎರಡನೆಯದನ್ನು ಬಿಟ್ಟುಬಿಡಿ, ಬೆಲೆಗೂ ಬಾಳಿಕೆಗೂ ನೇರ ನಂಟಿಲ್ಲ. ಮೊದಲನೆಯದಕ್ಕೆ ಅರ್ಧ ಉತ್ತರ ಗುಂಡಿನ ಅಳತೆಯಲ್ಲಿದೆ. ಗುಂಡು ಅಂದರೆ ತೊಡೆಮೂಳೆಯೊಳಗೆ ಕೂರಿಸುವ ದಂಡದ ತುದಿಯ ಚೆಂಡು, ಅದು ಟೊಂಕದ ಮೂಳೆಗೆ ಹಿಡಿಸಿದ ಬಟ್ಟಲಿನೊಳಗೆ ತಿರುಗುತ್ತದೆ.

ಪೂರ್ತಿ ಬಾಗಿ ಕೂತಾಗ ಗುಂಡಿನ ಕೆಳಗಿನ ಕುತ್ತಿಗೆ ಬಟ್ಟಲಿನ ಅಂಚಿಗೆ ತಾಗಬಹುದು. ಆಗ ಚಮಚದಿಂದ ಡಬ್ಬಿ ಮುಚ್ಚಳ ಮೀಟಿದಂತೆ ಗುಂಡು ಹಿಂದಕ್ಕೆ ಜಾರುತ್ತದೆ. ಅಂಚು ದಾಟಲು ಅದು ಸುಮಾರು ತನ್ನ ತ್ರಿಜ್ಯದಷ್ಟು ಸರಿಯಬೇಕು: 28 ಮಿ.ಮೀ. ಗುಂಡಿಗೆ 14, 36ಕ್ಕೆ 18. ಹಾಗಾದರೆ ದೊಡ್ಡದೇ ಇರಲಿ ಅನ್ನುತ್ತೀರಿ.

ಬೀಸುಕಲ್ಲು ನೆನಪಿಸಿಕೊಳ್ಳಿ. ಕಲ್ಲು ಅಗಲವಾದಷ್ಟೂ ಒಂದು ಸುತ್ತಿಗೆ ಅಂಚು ಹೆಚ್ಚು ದೂರ ಉಜ್ಜುತ್ತದೆ, ಉಜ್ಜುವ ಜಾಗವೂ ಹೆಚ್ಚು. ಬಟ್ಟಲಿನ ಒಳಮೈಯ ಪ್ಲಾಸ್ಟಿಕ್ ಒಂದೇ ಆಳಕ್ಕೆ ಸವೆದರೂ 28ರ ಬದಲು 36 ಹಾಕಿದರೆ ಉದುರುವ ಪುಡಿ ಸುಮಾರು 1.65 ಪಟ್ಟು. ಈ ಪುಡಿಯನ್ನು ನುಂಗಿದ ರಕ್ಷಕ ಕೋಶಗಳಿಗೆ ಅದು ಅರಗದು. ಅವು ಕಳಿಸುವ ರಾಸಾಯನಿಕ ಸಂಕೇತಕ್ಕೆ ಸುತ್ತಲಿನ ಮೂಳೆಯೇ ಕರಗಿ ಬಟ್ಟಲು ಅಲುಗಾಡುತ್ತದೆ. ಇಂಗ್ಲೆಂಡಿನ ಮೂಳೆ ಶಸ್ತ್ರವೈದ್ಯ ಜಾನ್ ಚಾರ್ನ್ಲಿಗೆ ಟೆಫ್ಲಾನ್ ಬಟ್ಟಲು ಕೈಕೊಟ್ಟಿತ್ತು. ಆತ ಆ ಪುಡಿಯನ್ನು ತನ್ನ ತೊಡೆಯೊಳಗೇ ಸೇರಿಸಿಕೊಂಡು ಪರೀಕ್ಷಿಸಿದ ಮನುಷ್ಯ! 1962ರಲ್ಲಿ ಪಾಲಿಎಥಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್‌ಗೆ ಬಂದ, ಗುಂಡನ್ನು ಮುಕ್ಕಾಲು ಇಂಚಿಗಿಂತ ತುಸು ಹೆಚ್ಚು, 22.225 ಮಿ.ಮೀ.ಗೇ ಉಳಿಸಿಕೊಂಡ.

1990ರ ದಶಕದ ಕೊನೆಗೆ ಬಂದ, ಅಣುಗಳ ಸರಪಳಿಗಳನ್ನು ಒಂದಕ್ಕೊಂದು ಬೆಸೆದ ಕ್ರಾಸ್‌ಲಿಂಕ್ ಪಾಲಿಎಥಿಲೀನ್ ಬಹಳ ಕಡಿಮೆ ಸವೆಯುತ್ತದೆ. ಹಾಗಾಗಿ ಈಗ 32, 36 ಸಾಮಾನ್ಯ. ಆದರೆ ಸಣ್ಣ ಮೈಕಟ್ಟಿನವರಿಗೆ 48 ಮಿ.ಮೀ. ಬಟ್ಟಲು ಹಿಡಿಸಿದರೆ, 36ರ ಗುಂಡು ಕಳೆದು ಪ್ರತಿ ಬದಿಗೆ ಉಳಿಯುವುದು 6 ಮಿ.ಮೀ. ಅದರಲ್ಲೇ ಲೋಹದ ಕವಚವೂ ಪ್ಲಾಸ್ಟಿಕ್ಕೂ ಸೇರಬೇಕು. ತೆಳು ಪ್ಲಾಸ್ಟಿಕ್ ಬಿರುಕು ಬಿಡಬಹುದು. ಸೆರಾಮಿಕ್ ಬಟ್ಟಲಿಗೆ ಸೆರಾಮಿಕ್ ಗುಂಡು ಹಾಕಿದರೆ ಸವೆಯುವುದೇ ಕಡಿಮೆ, ಆದರೆ ಕೆಲವರಲ್ಲಿ ಕಿರುಗುಟ್ಟುತ್ತದೆ.

ಇನ್ನೊಂದು ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಗುಂಡು ದಂಡಕ್ಕೆ ಕೂರುವ ಶಂಕು. ಬಿದ್ರಿ ಕೆಲಸದಲ್ಲಿ ಕೋಟೆಯ ಮಣ್ಣು, ನವಸಾಗರದ ಉಪ್ಪು ಸೇರಿ ಸತು-ತಾಮ್ರದ ಮಿಶ್ರಲೋಹವನ್ನಷ್ಟೇ ಕಪ್ಪಾಗಿಸುತ್ತವೆ, ಬೆಳ್ಳಿ ಹೊಳೆಯುತ್ತದೆ. ಲೋಹ ಬೇರೆಯಾದರೆ ಉಪ್ಪಿನ ಜೊತೆ ನಡೆದುಕೊಳ್ಳುವ ರೀತಿಯೂ ಬೇರೆ. ದೇಹದ ದ್ರವವೂ ಉಪ್ಪೇ. ಟೈಟೇನಿಯಂ ದಂಡದ ಮೇಲೆ ಕೋಬಾಲ್ಟ್-ಕ್ರೋಮ್ ಗುಂಡು ಕೂತಾಗ, ಸೂಕ್ಷ್ಮ ಅಲುಗಾಟಕ್ಕೆ ರಕ್ಷಣಾ ಪದರ ಕಿತ್ತು ತುಕ್ಕು ಶುರುವಾಗಬಹುದು. ಗುಂಡು ದೊಡ್ಡದಾದಷ್ಟೂ ಅಲ್ಲಿ ತಿರುಚುವ ಬಲ ಹೆಚ್ಚು. ಸೆರಾಮಿಕ್ ಗುಂಡಿನಲ್ಲಿ ಈ ಕಾಟ ಕಡಿಮೆ. ಯಾವುದೇ ಗುಂಡಾಗಲಿ, ಕೂರಿಸುವ ಮೊದಲು ಶಂಕುವಿನ ಮೇಲಿನ ರಕ್ತ, ಕೊಬ್ಬು, ಮೂಳೆಚೂರು ಒರೆಸಿ ಒಣಗಿಸಬೇಕು. ಆಮೇಲೆ ಶಂಕುವಿನ ನೇರಕ್ಕೆ ಒಂದು ಗಟ್ಟಿ ಪೆಟ್ಟು.