ಕೆಟ್ಟ ಹೀಟ್‌ಗಳ ಲೆಕ್ಕವೂ ಬೇಕು

ಬೆಳಗಾವಿ ಕಡೆಯಿಂದ ಬಂದು ಪುಣೆಯ ಭೋಸರಿ, ಚಾಕಣದ ಫೌಂಡ್ರಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಮಿಶ್ರಲೋಹ ಹೊಸದಲ್ಲ. ಒಂದು ಮುಖ್ಯ ಲೋಹ, ಜೊತೆಗೆ ಅಷ್ಟಿಷ್ಟು ಬೇರೆಯವು. 2004ರಲ್ಲಿ ಬ್ರಿಟನ್ನಿನ ಬ್ರಯನ್ ಕ್ಯಾಂಟರ್ ಮತ್ತು ತೈವಾನಿನ ಜಿಯನ್-ವೇ ಯೇ ತಂಡಗಳು ಈ ಪದ್ಧತಿಯನ್ನೇ ಬಿಟ್ಟು ನೋಡಿದವು. ಕ್ಯಾಂಟರ್ ಮಿಶ್ರಲೋಹದಲ್ಲಿ ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಐದಕ್ಕೂ ಪರಮಾಣುಗಳ ಲೆಕ್ಕದಲ್ಲಿ ಸಮಪಾಲು. ಮೈನಸ್ 196 ಡಿಗ್ರಿ ಚಳಿಯಲ್ಲೂ ಅದು ಸುಲಭಕ್ಕೆ ಬಿರುಕು ಬಿಡದು.

ಇಂಥದ್ದು ಇನ್ನೊಂದು ಬೇಕೆಂದರೆ? 40 ಧಾತುಗಳಲ್ಲಿ ಐದನ್ನು 6,58,008 ಬಗೆಯಲ್ಲಿ ಆರಿಸಬಹುದು. ಒಂದೊಂದಕ್ಕೂ ಕನಿಷ್ಠ ಶೇ 5 ಇಟ್ಟು, ಐದೈದರಂತೆ ಏರಿಸುತ್ತ ಹೋದರೆ ಸುಮಾರು 255 ಕೋಟಿ ಮಿಶ್ರಣಗಳಾಗುತ್ತವೆ. ಎಲ್ಲವನ್ನೂ ಕರಗಿಸಿ ನೋಡುವ ಮಾತೇ ಇಲ್ಲ.

ಮೊದಲು ಲೆಕ್ಕದ ಜರಡಿ ಹಿಡಿಯುತ್ತಾರೆ. ವೇಲೆನ್ಸ್ (ಬಂಧದಲ್ಲಿ ಪಾಲ್ಗೊಳ್ಳುವ) ಎಲೆಕ್ಟ್ರಾನ್‌ಗಳ ಸರಾಸರಿ 8 ಅಥವಾ ಹೆಚ್ಚಿದ್ದರೆ ಎಳೆದಾಗ ಹಿಗ್ಗುವ ಎಫ್‌ಸಿಸಿ ಎಂಬ ಪರಮಾಣು ಜೋಡಣೆ, 6.87ಕ್ಕಿಂತ ಕಡಿಮೆಯಾದರೆ ಗಟ್ಟಿಯಾದ ಬಿಸಿಸಿ ಜೋಡಣೆ. ಕ್ಯಾಂಟರ್ ಮಿಶ್ರಲೋಹದ್ದು ಸರಿಯಾಗಿ 8. ಇದು ಅಂದಾಜಿನ ನಿಯಮ, ತಪ್ಪುವುದೂ ಉಂಟು. ಉಳಿದವುಗಳ ಗುಣವನ್ನು ಹಳೆಯ ಅಂಕಿಗಳಿಂದ ಕಲಿತ ಮಷಿನ್ ಲರ್ನಿಂಗ್ ಮಾದರಿ ಊಹಿಸುತ್ತದೆ, ಆ ಊಹೆ ಎಷ್ಟು ನಂಬಿಕಸ್ಥ ಎಂಬುದನ್ನೂ ಹೇಳುತ್ತದೆ. ಮುಂದಿನ ಹೀಟ್ (ಒಮ್ಮೆಗೆ ಕರಗಿಸುವ ಲೋಹ) ಆರಿಸುವುದು ಇವೆರಡನ್ನೂ ನೋಡಿ. 2022ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಶೋಧಕರ ತಂಡ ಹೀಗೆ ಕೇವಲ 17 ಹೊಸ ಮಿಶ್ರಲೋಹ ತಯಾರಿಸಿ, ಬಿಸಿಗೆ ಹೆಚ್ಚುಕಡಿಮೆ ಹಿಗ್ಗದ ಎರಡನ್ನು ಕಂಡುಕೊಂಡಿತು.

ಆದರೆ ಮಾದರಿಗೆ ಉಣಿಸುವ ಅಂಕಿ ಸರಿಯಿರಬೇಕು. 100 ಗ್ರಾಂ ಕ್ಯಾಂಟರ್ ಮಿಶ್ರಲೋಹಕ್ಕೆ ಮ್ಯಾಂಗನೀಸ್ 19.6 ಗ್ರಾಂ ಬೇಕು. ಅದು ಕುದಿಯುವುದು 2,061 ಡಿಗ್ರಿಗೆ, ಆರ್ಕ್ ಕುಲುಮೆಯ ಬಿಸಿ ಅದಕ್ಕಿಂತ ಎಷ್ಟೋ ಮೇಲೆ. ಸಮರಸ ಬರಲೆಂದು ಗಟ್ಟಿಯನ್ನು ನಾಲ್ಕೈದು ಸಲ ತಿರುವಿ ಕರಗಿಸುವಷ್ಟರಲ್ಲಿ ಒಂದಷ್ಟು ಆವಿಯಾಗಿ ಹೋಗಿರುತ್ತದೆ. ಅದಕ್ಕೇ ತುಸು ಹೆಚ್ಚು ಹಾಕುತ್ತಾರೆ. ದತ್ತಾಂಶದ ಪಟ್ಟಿಗೆ ಹೋಗಬೇಕಾದದ್ದು ಕರಗಿದ ಮೇಲಿನ ಸ್ಪೆಕ್ಟ್ರೋ (ಲೋಹದ ಸಂಯೋಜನೆ ಅಳೆಯುವ ಯಂತ್ರ) ರೀಡಿಂಗ್. ತೂಗಿದ ಅಂಕಿ ಬರೆದರೆ ಮಾದರಿಯು ನಿಜದಲ್ಲಿ ಇಲ್ಲದ ಲೋಹವನ್ನು ಕಲಿಯುತ್ತದೆ.

ಇನ್ನೂ ದೊಡ್ಡ ಕೊರತೆ ಸೋಲಿನ ದಾಖಲೆಯದು. ಪ್ರಬಂಧಗಳಲ್ಲಿ ಅಚ್ಚಾಗುವುದು ಬಹುಪಾಲು ಗೆದ್ದ ಮಿಶ್ರಣ. ಫೌಂಡ್ರಿಯಲ್ಲೂ ಒಡೆದ ಎರಕ ಕುಲುಮೆಗೆ ವಾಪಸಾಗುತ್ತದೆ, ಅದರ ಅಂಕಿ ಯಾರಿಗೂ ಬೇಡ. ಯಾವುದು ಒಡೆಯಿತೆಂದು ಮಾದರಿಗೆ ಗೊತ್ತಾಗದಿದ್ದರೆ ಅದು ಎಲ್ಲದಕ್ಕೂ ಹೂಂ ಎನ್ನುತ್ತದೆ. ರಿಜೆಕ್ಟ್ ಆದ ಹೀಟಿನ ನಂಬರ್, ಸಂಯೋಜನೆ, ಶಾಖೋಪಚಾರ, ಒಡೆದ ಬಗೆ, ಇಷ್ಟನ್ನಾದರೂ ಬರೆದಿಡಲೇಬೇಕು.

ಪರೀಕ್ಷೆಯಲ್ಲೂ ಎಚ್ಚರ ಬೇಕು. ಒಂದೇ ಸಂಯೋಜನೆಯ ಸಾಲುಗಳು ಕಲಿಕೆಯಲ್ಲೂ ಪರೀಕ್ಷೆಯಲ್ಲೂ ಸೇರಿಕೊಂಡರೆ ನಿಖರತೆ ಸುಳ್ಳೇ ಏರುತ್ತದೆ. ಉದಾಹರಣೆಗೆ ಅಲ್ಯುಮಿನಿಯಂ ಇರುವ ಎಲ್ಲ ಸಾಲುಗಳನ್ನೂ ಪೂರ್ತಿ ಬದಿಗಿಟ್ಟು, ಉಳಿದವುಗಳಿಂದಷ್ಟೇ ಕಲಿಸಿ, ಆಮೇಲೆ ಅವನ್ನು ಕೇಳಬೇಕು. ಆಗ ಬರುವ ಅಂಕ ಕಡಿಮೆಯೇ ಇರುತ್ತದೆ, ಹೊಸ ಮಿಶ್ರಣಕ್ಕೆ ಕುಲುಮೆ ಹೊತ್ತಿಸುವ ಮುಂಚೆ ನಂಬಬೇಕಾದದ್ದು ಅದನ್ನೇ.