ಟೈಟ್ ಎಂಡ್ ಕೈಗೆ ಬಾಲ್ ಕೊಟ್ಟು ನೋಡಿದ ಜಾರ್ಜಿಯಾ: ಬ್ರಾಕ್ ಬೋವರ್ಸ್‌ನ ಕಾಲೇಜ್ ದಿನಗಳು

2022ರ ಸೆಪ್ಟೆಂಬರ್, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಜಾರ್ಜಿಯಾ ಮತ್ತು ಕೆಂಟ್ ಸ್ಟೇಟ್ ಯೂನಿವರ್ಸಿಟಿಗಳ ಮ್ಯಾಚು. ಇನ್ನೂ ಫಸ್ಟ್ ಕ್ವಾರ್ಟರ್, ನೂರು ಕೆಜಿ ಮೀರಿ ತೂಗೋ ಬೋವರ್ಸ್ ಕೈಗೆ ಬಾಲ್ ಕೊಟ್ರು, ಪಾಸ್ ಅಲ್ಲ, ಕೈಗೇ, ಅವ್ನು ಸೈಡಿಂದ ತಿರುಗಿಸ್ಕೊಂಡು 75 ಯಾರ್ಡ್ ಓಡಿ ಟಚ್‌ಡೌನ್ (ಎದುರಾಳಿಯ ಕೊನೇ ಗೆರೆ ದಾಟಿಸಿ ಬಾಲ್ ಒಯ್ಯೋದು) ಹೊಡೆದ. ಟೈಟ್ ಎಂಡ್ ಮಾಡೋ ಕೆಲಸಾನೇ ಅಲ್ಲ ಅದು.

ಟೈಟ್ ಎಂಡ್ ಅಂದ್ರೆ ಲೈನ್‌ನಲ್ಲಿರೋ ದಢೂತಿಗಳ ಪಕ್ಕಕ್ಕೆ ಅಂಟ್ಕೊಂಡು ನಿಲ್ಲೋನು. ಎದುರಾಳೀನ ತಳ್ಳಿ, ಬಾಲ್ ಹಿಡ್ಕೊಂಡು ಓಡೋ ರನ್ನಿಂಗ್ ಬ್ಯಾಕ್‌ಗೆ ದಾರಿ ಬಿಡಿಸ್ಬೇಕು, ಆಗಾಗ ತಾನೇ ಮುಂದೆ ಓಡಿ ಪಾಸ್ ಹಿಡೀಬೇಕು. ಬಹಳ ಕಾಲ ತಳ್ಳೋದಕ್ಕೇ ಬೆಲೆ ಜಾಸ್ತಿ, ಕ್ಯಾಚ್ ಏನಿದ್ರೂ ಬೋನಸ್. ಕಾಲೇಜಲ್ಲಿ ಈ ಪೊಸಿಶನ್‌ಗೆ ಅಂತಲೇ ಜಾನ್ ಮ್ಯಾಕಿ ಅವಾರ್ಡ್ ಶುರುವಾಗಿದ್ದು 2000ದಲ್ಲಿ, ಅಷ್ಟು ಲೇಟಾಗಿ!

ಬೋವರ್ಸ್ ಕ್ಯಾಲಿಫೋರ್ನಿಯಾದ ನಾಪಾ ಹುಡುಗ. 2021ರಲ್ಲಿ ಜಾರ್ಜಿಯಾಗೆ ಬಂದು ಮೊದಲ ವರ್ಷಾನೇ 56 ಕ್ಯಾಚು, 882 ಯಾರ್ಡು, 13 ಟಚ್‌ಡೌನ್. ಇಂಡಿಯಾನಾಪೊಲಿಸ್‌ನಲ್ಲಿ ನಡೆದ ನ್ಯಾಷನಲ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಅಲಬಾಮಾ ಮೇಲೆ ಇನ್ನೇನು ಮೂರೂವರೆ ನಿಮಿಷ ಇದೆ ಅನ್ನುವಾಗ 15 ಯಾರ್ಡ್ ಟಚ್‌ಡೌನ್, ಸ್ಕೋರ್ 26-18, ಆಮೇಲೆ 33-18ಕ್ಕೆ ಗೆದ್ರು. ಮುಂದಿನ ವರ್ಷದ ಫೈನಲ್ಲಂತೂ ಟಿಸಿಯು ಅನ್ನೋ ಯೂನಿವರ್ಸಿಟಿ ಟೀಮ್ ಮೇಲೆ 65-7, ಅದನ್ನ ಮ್ಯಾಚ್ ಅನ್ನೋದೇ ಕಷ್ಟ.

ಇದರ ಹಿಂದಿನ ತಲೆ ಆಫೆನ್ಸ್ ಕೋಚ್ ಟಾಡ್ ಮಂಕನ್‌ದು. ಬೋವರ್ಸ್ ಜೊತೆಗೆ ಆರಡಿ ಏಳಿಂಚಿನ ಡಾರ್ನೆಲ್ ವಾಷಿಂಗ್ಟನ್‌ನ ನಿಲ್ಲಿಸಿ ಒಟ್ಟಿಗೇ ಇಬ್ಬರು ಟೈಟ್ ಎಂಡ್ ಆಡಿಸ್ತಿದ್ದ. ಎದುರಿನ ಟೀಮ್ ಭಾರಿ ಲೈನ್‌ಬ್ಯಾಕರ್‌ಗಳನ್ನ (ಲೈನ್‌ನ ಹಿಂದೆ ನಿಲ್ಲೋ ಡಿಫೆನ್ಸ್ ಆಟಗಾರರು) ಇಳಿಸಿದ್ರೆ ಬೋವರ್ಸ್ ಅವರನ್ನ ಹಿಂದೆ ಹಾಕಿ ಓಡ್ತಾನೆ, ಚುರುಕಾದ ಸಣ್ಣ ಆಟಗಾರರನ್ನ ಇಳಿಸಿದ್ರೆ ಇವರಿಬ್ಬರೂ ಸೇರಿ ತಳ್ಳಿ ಹಾಕ್ತಾರೆ, ಯಾವ್ದು ಮಾಡಿದ್ರೂ ತಪ್ಪೇ. 2003ರ ವರ್ಲ್ಡ್ ಕಪ್ಪಲ್ಲಿ ನಮ್ಮ ದ್ರಾವಿಡ್ ಕೈಗೆ ಕೀಪಿಂಗ್ ಗ್ಲೌಸ್ ಕೊಟ್ಟು ಒಬ್ಬ ಎಕ್ಸ್‌ಟ್ರಾ ಬ್ಯಾಟ್ಸ್‌ಮನ್‌ನ ಆಡಿಸಿದ್ರಲ್ಲ, ಅದೇ ಲೆಕ್ಕಾಚಾರ.

2023ರಲ್ಲಿ ಆಬರ್ನ್ ಮೇಲೆ 8 ಕ್ಯಾಚ್ 157 ಯಾರ್ಡ್, ಗೆಲ್ಲಿಸಿದ 40 ಯಾರ್ಡ್ ಟಚ್‌ಡೌನೂ ಇವನದೇ. ಆದ್ರೆ ಅಕ್ಟೋಬರ್‌ನಲ್ಲಿ ವ್ಯಾಂಡರ್‌ಬಿಲ್ಟ್ ವಿರುದ್ಧ ಆಡುವಾಗ ಪಾದದ ಗಂಟು ಹೋಯ್ತು, ಸರ್ಜರಿ ಆಯ್ತು, ಸೀಸನ್ ಮುಗೀತು ಅಂತ ಯಾರಿಗಾದ್ರೂ ಅನ್ಸುತ್ತೆ, ಇವ್ನು ಒಂದು ತಿಂಗಳೊಳಗೆ ಓಲ್ ಮಿಸ್ ಮ್ಯಾಚಿಗೆ ವಾಪಸ್! ಆ ವರ್ಷಾನೂ ಮ್ಯಾಕಿ ಅವಾರ್ಡ್ ಬಂತು, ಎರಡು ಸಲ ಗೆದ್ದ ಮೊದಲಿಗ ಇವನೇ. ಮೂರು ವರ್ಷಕ್ಕೆ ಒಟ್ಟು 175 ಕ್ಯಾಚ್, 2,538 ಯಾರ್ಡ್.

ಇಷ್ಟಾದ್ರೂ 2024ರ ಡ್ರಾಫ್ಟ್‌ನಲ್ಲಿ (ಪ್ರೊಫೆಷನಲ್ ಲೀಗ್ ಎನ್‌ಎಫ್‌ಎಲ್ ಟೀಮ್‌ಗಳು ಕಾಲೇಜ್ ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋದು) ಮೊದಲ 12ರಲ್ಲಿ 6 ಜಾಗ ಪಾಸ್ ಎಸೆಯೋ ಕ್ವಾರ್ಟರ್‌ಬ್ಯಾಕ್‌ಗಳಿಗೇ ಹೋಯ್ತು, ಲಾಸ್ ವೇಗಸ್ ರೈಡರ್ಸ್ ಇವನನ್ನ 13ನೇಯವನಾಗಿ ತಗೊಂಡ್ರು. ನನ್ನ ಕೇಳಿದ್ರೆ ಅವ್ರಿಗೆ ಲಾಟರಿನೇ ಹೊಡೀತು. ಮೊದಲ ಸೀಸನ್ನಲ್ಲೇ 112 ಕ್ಯಾಚ್, ಹೊಸಬರಲ್ಲಿ ಯಾವ ಪೊಸಿಶನ್‌ನವರೂ ಅಷ್ಟು ಹಿಡಿದಿರಲಿಲ್ಲ. ಜೊತೆಗೆ 1,194 ಯಾರ್ಡ್, ಹೊಸ ಟೈಟ್ ಎಂಡ್‌ಗಳ ಪೈಕಿ ಮೈಕ್ ಡಿಟ್ಕಾ 1961ರಲ್ಲಿ ಬರೆದಿಟ್ಟಿದ್ದ 1,076 ಯಾರ್ಡ್ ರೆಕಾರ್ಡೂ ಹೋಯ್ತು.