ಗೀಸರ್ ಕೊಳ್ಳುವ ಮುನ್ನ ಬಕೆಟ್ ಎಣಿಸಿ

ಬೆಂಗಳೂರಿನಲ್ಲಿ ಕಡಲೆಕಾಯಿ ಪರಿಷೆ ಮುಗಿದು ಚಳಿ ಶುರುವಾಗುತ್ತಿದ್ದಂತೆ ನನ್ನ ಫೋನಿಗೆ ಬರುವುದು ಒಂದೇ ಪ್ರಶ್ನೆ: "ಸಾರ್, ಯಾವ ಗೀಸರ್ ಕರೆಂಟ್ ಕಮ್ಮಿ ತಿನ್ನತ್ತೆ?" ಕೇಳುವವರು ಹೆಚ್ಚಾಗಿ ಬಾಡಿಗೆ ಮನೆಯವರು. ಪೈಪ್ ಗ್ಯಾಸ್ ಅವರ ಬೀದಿಗೆ ಬಂದಿರುವುದಿಲ್ಲ, ಬಚ್ಚಲಲ್ಲಿ ಸಿಲಿಂಡರ್ ಗೀಸರಿಗೆ ಓನರ್ ಒಪ್ಪುವುದಿಲ್ಲ (ಒಪ್ಪದಿರುವುದೇ ಒಳ್ಳೆಯದು), ಸೋಲಾರ್ ಹಾಕೋಣವೆಂದರೆ ತಾರಸಿ ತಮ್ಮದಲ್ಲ. ಇಪ್ಪತ್ತು ವರ್ಷ ವೈರಿಂಗ್ ಕೆಲಸ ಮಾಡಿದ ನನ್ನ ಉತ್ತರ ಯಾರಿಗೂ ರುಚಿಸುವುದಿಲ್ಲ: ಎಲ್ಲವೂ ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತವೆ.

22 ಡಿಗ್ರಿಯ 20 ಲೀಟರ್ ನೀರು 40 ಡಿಗ್ರಿಗೆ ಏರಲು ಸುಮಾರು 0.42 ಯೂನಿಟ್ ಬೇಕು. ಕಾಯಿಸುವುದು ಅಗ್ಗದ ಕಾಯಿಲ್ಲೋ ದುಬಾರಿ ಗೀಸರೋ ಎಂದು ನೀರು ಕೇಳುವುದಿಲ್ಲ. ನಾಲ್ವರು ದಿನಕ್ಕೊಂದೊಂದು ಬಕೆಟ್ ಮಿಂದರೆ ತಿಂಗಳಿಗೆ 50 ಯೂನಿಟ್. ಅದೇ ನಾಲ್ವರು ಹತ್ತು ಹತ್ತು ನಿಮಿಷ ಶವರ್ ಕೆಳಗೆ ನಿಂತರೆ ಸಲೀಸಾಗಿ ಅದರ ಮೂರು ನಾಲ್ಕು ಪಟ್ಟು. ಗೃಹಜ್ಯೋತಿಯ ಉಚಿತ ಕರೆಂಟ್ ಪಡೆಯುವ ಮನೆಗಳಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲೇ: 200 ಯೂನಿಟ್ ದಾಟಿದರೆ ಮೇಲಿನ ನಾಲ್ಕು ಯೂನಿಟ್ಟಿಗಲ್ಲ, ಪೂರ್ತಿ ಬಿಲ್ಲಿಗೇ ದುಡ್ಡು ಕಟ್ಟಬೇಕು.

ಹೀಟ್ ಪಂಪ್ ಗೀಸರ್ ಮಾತ್ರ ಬೇರೆ ಜಾತಿ. ಗಾಳಿಯ ಶಾಖವನ್ನೇ ಎಳೆದುಕೊಂಡು ಮೂರನೇ ಒಂದರಷ್ಟು ಕರೆಂಟಿನಲ್ಲಿ ಕೆಲಸ ಮುಗಿಸುತ್ತದೆ. ಬೆಲೆ ಹೇಳಿದರೆ ಬಾಡಿಗೆಯವರು ತಣ್ಣೀರಿಗೇ ಒಗ್ಗಿಕೊಳ್ಳುತ್ತಾರೆ.

ಹಾಗಾದರೆ ಗೀಸರ್ ಮೇಲಿನ ಸ್ಟಾರ್ ಯಾತಕ್ಕೆ? ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನೆ ನಿಂತಾಗ ಎಷ್ಟು ಶಾಖ ಸೋರುತ್ತದೆ ಎಂಬುದನ್ನು ಅದು ಹೇಳುತ್ತದೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಸ್ವಿಚ್ ಹಾಕಿ, ಎಲ್ಲರೂ ಸಾಲಾಗಿ ಮಿಂದು ಆರಿಸುವ ಮನೆಗೆ ಐದು ಸ್ಟಾರಿನ ಲಾಭ ಅಲ್ಪ. ಒಬ್ಬರು ಆರಕ್ಕೆ, ಇನ್ನೊಬ್ಬರು ಒಂಬತ್ತಕ್ಕೆ, ನೈಟ್ ಶಿಫ್ಟಿನ ಮಗ ಮಧ್ಯಾಹ್ನಕ್ಕೆ ಎನ್ನುವ ಮನೆಗೆ ಅದು ಬೇಕೇ ಬೇಕು.

ಒಬ್ಬಿಬ್ಬರಿದ್ದು ಬಕೆಟ್ ಸ್ನಾನವಾದರೆ 3 ಲೀಟರಿನ ಇನ್‌ಸ್ಟಂಟ್ ಸಾಕು. ಆದರೆ ಅದರ 3 ಕಿಲೋವ್ಯಾಟ್, ನಿಮಿಷಕ್ಕೆ 2 ಲೀಟರ್ ನೀರನ್ನು ಸುಮಾರು 21 ಡಿಗ್ರಿಯಷ್ಟೇ ಏರಿಸಬಲ್ಲದು. ನಲ್ಲಿ ಸಣ್ಣಗೆ ಬಿಟ್ಟು ಬಕೆಟ್ ತುಂಬಿಸುವ ತಾಳ್ಮೆ ಬೇಕು. ಶವರಿಗೆ ಹಾಕಿಸಿಕೊಂಡವರು ವಾರದೊಳಗೆ ಕಂಪ್ಲೇಂಟ್ ಹೇಳುತ್ತಾರೆ. ಮೂರು ನಾಲ್ಕು ಜನಕ್ಕೆ 15 ಲೀಟರ್, 2 ಕಿಲೋವ್ಯಾಟ್. ಬೋರ್ ನೀರಾದರೆ ಎಲಿಮೆಂಟಿಗೆ ಸುಣ್ಣ ಕಟ್ಟುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ.

ರೂಮ್ ಹೀಟರ್ ವಿಚಾರ ಚುಟುಕಾಗಿ: ಆಯಿಲ್ ತುಂಬಿದ್ದು, ಫ್ಯಾನಿನದು, ಎರಡರಲ್ಲೂ ಒಂದು ಯೂನಿಟ್ಟಿಗೆ ಸಿಗುವ ಶಾಖ ಒಂದೇ. ಈ ಊರಿನ ಚಳಿಗೆ ಕಂಬಳಿ ಅಗ್ಗ.

ಕಳೆದ ಡಿಸೆಂಬರಿನಲ್ಲಿ ಇಲ್ಲೇ ಬೆಂಗಳೂರಿನ ಶ್ರೀನಗರದ ಮೂರನೇ ಮಹಡಿಯ ಮನೆಯೊಂದಕ್ಕೆ ಹೋಗಿದ್ದೆ. ಹೊಸ ಇನ್‌ಸ್ಟಂಟ್ ಗೀಸರನ್ನು ಮಿಕ್ಸಿಯ ಪಾಯಿಂಟಿಗೇ ಚುಚ್ಚಿದ್ದರು. 3 ಕಿಲೋವ್ಯಾಟ್ ಎಂದರೆ 13 ಆಂಪಿಯರ್. ಆ ಪಾಯಿಂಟು 6 ಆಂಪಿಯರಿನದು. ಸಾಕೆಟ್ ಕಂದು ತಿರುಗಿ ಕರಗಲು ಶುರುವಾಗಿತ್ತು. "ಸುಟ್ಟ ವಾಸನೆ ಬರ್ತಿತ್ತು ಅಣ್ಣ, ಹೊಸದಲ್ವಾ, ಹೋಗುತ್ತೆ ಅಂದ್ಕೊಂಡೆ" ಅಂದರು ಆ ಮನೆಯಾಕೆ. ಅರ್ತಿಂಗ್ ಪರೀಕ್ಷಿಸಿದೆ, ಬೋರ್ಡಿನ ತನಕ ತಂತಿಯೇ ಬಂದಿರಲಿಲ್ಲ. ಓನರಿಗೆ ಅಲ್ಲಿಂದಲೇ ಫೋನ್ ಮಾಡಿ 4 ಚದರ ಮಿಲಿಮೀಟರ್ ತಾಮ್ರದ ವೈರು, 16 ಆಂಪಿಯರ್ ಪವರ್ ಪಾಯಿಂಟು, ಅರ್ತಿಂಗ್, ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬರೆಸಿದೆ. ಅವೆಲ್ಲ ಮುಗಿಯುವವರೆಗೆ ಆ ಮನೆಯವರು ನಾಲ್ಕು ದಿನ ಇಂಡಕ್ಷನ್ ಒಲೆ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿಕೊಂಡರು.